ತಂಗಿಯ ಮನೆಯ ಸಿಂಕು

ಆ ಕಟ್ಟಡದಲ್ಲಿ ಅವಳನ್ನು ಎಲ್ಲರೂ ತಂಗಿ ಅಂತಲೇ ಕರೆಯುತ್ತಿದ್ದರು. ಮೇಲಿನ ಮನೆಯ ಅಕ್ಕ ದಿನಕ್ಕೆ ಹತ್ತು ಸಲ ಬಾಲ್ಕನಿಯಿಂದ ಬಗ್ಗಿ "ತಂಗೀ" ಅಂತ ಕೂಗುವುದನ್ನು ಕೇಳಿ ಕೇಳಿ, ಮನೆ ಓನರಿನಿಂದ ಹಿಡಿದು ಹಾಲು ಹಾಕುವವರವರೆಗೆ ಎಲ್ಲರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು. ಅವಳಿಗೂ ಅದು ಇಷ್ಟವೇ. ಅಮ್ಮ ತೀರಿಹೋದಾಗ ಅವಳಿಗೆ ಆರು ವರ್ಷ, ಅಕ್ಕನಿಗೆ ಹದಿನೈದು. ಜಡೆ ಹೆಣೆದದ್ದು, ಮಂಡಿ ತರಚಿದರೆ ಮುಲಾಮು ಹಚ್ಚಿದ್ದು, ಶಾಲೆಯಲ್ಲಿ ಯಾರೋ ಹೊಡೆದರೆ ಸೀದಾ ಹೋಗಿ ಜಗಳ ತೆಗೆದದ್ದು ಎಲ್ಲ ಅಕ್ಕನೇ. ಮದುವೆಯಾದ ಮೇಲೆ ಅಕ್ಕನ ಕೆಳಗಿನ ಮನೆ ಖಾಲಿಯಾಯಿತು ಅಂದಾಗ ತಂಗಿ ಬೇರೆ ಮನೆಯ ಮುಖವನ್ನೂ ನೋಡಲಿಲ್ಲ.

ಹಾಗಾಗಿ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆದಾಗ ಅಡುಗೆ ಯಾರು ಮಾಡಬೇಕು ಅನ್ನುವ ಪ್ರಶ್ನೆಯೇ ಏಳಲಿಲ್ಲ. ಎರಡು ತಿಂಗಳು ಎಣ್ಣೆ ಬೇಡ, ಖಾರ ಬೇಡ, ಉಪ್ಪು ಹೆಸರಿಗಷ್ಟೇ ಅಂದಿದ್ದರು ಡಾಕ್ಟರು. ತಂಗಿ ಬೆಳಿಗ್ಗೆ ಮಗಳನ್ನು ಎದುರು ಬೀದಿಯ ಶಿಶುವಿಹಾರಕ್ಕೆ ಬಿಟ್ಟು ಬಂದವಳೇ, ಮೆಷಿನ್ನಿನ ಮೇಲಿದ್ದ ಅರ್ಧ ಹೊಲಿದ ಯೂನಿಫಾರ್ಮುಗಳನ್ನು ಬದಿಗೆ ಸರಿಸಿ, ಅನ್ನ ತರಕಾರಿ ಮೆತ್ತಗೆ ಬೇಯಿಸಿ, ಡಬ್ಬಿಗೆ ತುಂಬಿ ಮೇಲಕ್ಕೆ ಒಯ್ಯುತ್ತಿದ್ದಳು. ಮಗಳು ತರಕಾರಿ ಕಂಡರೆ ಮುಖ ತಿರುಗಿಸುತ್ತಾಳೆಂದು ಕ್ಯಾರೆಟ್ಟನ್ನು ಪುಟ್ಟ ಪುಟ್ಟ ನಕ್ಷತ್ರಗಳಾಗಿ ಕತ್ತರಿಸುವುದು ಅವಳ ಪದ್ಧತಿ. ಅದೇ ಪಾತ್ರೆಯಿಂದ ಅಕ್ಕನಿಗೂ. ಸಂಜೆ ಡಬ್ಬಿ ತೊಳೆದು ಒರೆಸಿ ಕೆಳಗೆ ಬರುತ್ತಿತ್ತು.

"ಒಂದಗುಳೂ ಬಿಡಲಿಲ್ಲ ಕಣೇ. ಏನು ಕೈ ನಿನ್ನದು!" ಅನ್ನುತ್ತಿದ್ದಳು ಅಕ್ಕ. ತಂಗಿಗೆ ಅಷ್ಟು ಸಾಕಿತ್ತು. ಸೊಂಟನೋವು ಮರೆತು ರಾತ್ರಿ ಗುಂಡಿಯ ಕಾಜಾ ಹೊಲಿಯಲು ಕೂರುತ್ತಿದ್ದಳು.

ಸಿಂಕಿನ ಕಾಟ ಶುರುವಾದದ್ದು ಅದರ ಎರಡನೇ ವಾರದಲ್ಲಿ. ಬೂದು ಬಣ್ಣದ ನೀರು ಗುಳುಗುಳು ಅನ್ನುತ್ತ ಮೇಲೆದ್ದು ಕಟ್ಟೆಯವರೆಗೆ ನಿಲ್ಲುತ್ತಿತ್ತು. ಬಿಸಿನೀರು ಹೊಯ್ದಳು, ರಬ್ಬರಿನ ಪಂಪು ಒತ್ತಿದಳು, ಮೂಗು ಮುಚ್ಚಿಕೊಂಡು ಲೋಟದಲ್ಲಿ ಮೊಗೆದು ಚೆಲ್ಲಿದಳು. ಓನರಿನ ಕಾನೂನು ಒಂದೇ: ಯಾರ ಸಿಂಕು ತುಂಬುತ್ತದೋ ತಪ್ಪು ಅವರದ್ದು. ಮೂರನೇ ಸಲ ಅವರು ಬಾಗಿಲಲ್ಲೇ ನಿಂತು ಹೇಳಿದರು: "ನೋಡಮ್ಮ ತಂಗಿ, ಇನ್ನೊಂದು ಸಲ ಕಟ್ಟಿಕೊಂಡರೆ ತಿಂಗಳ ಕೊನೆಗೆ ಬೇರೆ ಮನೆ ನೋಡಿಕೊಳ್ಳಿ. ಗೋಡೆಯೆಲ್ಲ ನೀರು ಕುಡಿಯುತ್ತಿದೆ."

ತಂಗಿಯ ಗಂಡ ಲಾರಿ ಡ್ರೈವರು, ಮನೆಯಲ್ಲಿ ವಾರಕ್ಕೆರಡು ದಿನ. ಶಿಶುವಿಹಾರದ ಗೇಟಿನಲ್ಲಿ ಮೂರು ತಿಂಗಳು ಕಿರುಚಿ ಅತ್ತ ಮಗಳು ಈಗಷ್ಟೇ ಹದಿನೈದು ದಿನದಿಂದ ತಿರುಗಿಯೂ ನೋಡದೆ ಒಳಗೆ ಓಡುತ್ತಿದ್ದಳು. ಈ ಮನೆ ಬಿಟ್ಟರೆ ಆ ಶಿಶುವಿಹಾರವೂ ಹೋಯಿತು. ಆ ಮೂರು ತಿಂಗಳನ್ನು ಇನ್ನೊಮ್ಮೆ ದಾಟುವ ತಾಕತ್ತು ಅವಳಲ್ಲಿರಲಿಲ್ಲ. ಅವತ್ತೇ ಅಂಗಡಿಗೆ ಹೋಗಿ ಸಣ್ಣ ತೂತಿನ ಜಾಲರಿ ತಂದು, ಸಿಂಕಿನ ಬಾಯಿಗೆ ಸ್ಕ್ರೂ ಹಾಕಿ ಬಿಗಿದಳು.

ಅಕ್ಕ ಸಮಾಧಾನ ಹೇಳಿದ್ದಳು. "ಸ್ವಲ್ಪ ನೋಡಿಕೊಂಡು ಪಾತ್ರೆ ತೊಳಿಯೇ. ಅವಸರ ನಿನಗೆ ಮೊದಲಿಂದಲೂ."

ಹತ್ತು ದಿನ ಕಳೆಯಿತು. ಮಂಗಳವಾರ ಮಧ್ಯಾಹ್ನ, ಅವಳು ನಲ್ಲಿಯನ್ನೇ ಮುಟ್ಟದಿರುವಾಗ, ನೀರು ಮತ್ತೆ ಎದ್ದಿತು. ಸುದ್ದಿ ತಿಳಿದ ಓನರು ಪ್ಲಂಬರನ್ನು ಕರೆದುಕೊಂಡೇ ಬಂದರು. ಸಲಾಕೆಯಂಥ ಉದ್ದ ಆಸಾಮಿ, ಬಾಯಿ ಸುಮ್ಮನಿರುತ್ತಿರಲಿಲ್ಲ.

"ಒಳಗೆ ಪಂಪು ಒತ್ತಿ ಏನು ಪ್ರಯೋಜನ ಮೇಡಂ? ಪೈಪಿಗೆ ಅಜೀರ್ಣ. ಹಿಂದುಗಡೆ ಹೊಟ್ಟೆ ಬಿಚ್ಚಬೇಕು." ಎರಡೂ ಮನೆಯ ಪೈಪು ಸೇರಿ ಇಳಿಯುವ ಹಿತ್ತಲ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಪೈಪು ಬಾಗುವ ಕಡೆಯ ಮುಚ್ಚಳ ತಿರುಗಿಸಿದ. ಹುಳಿ ವಾಸನೆಯೊಂದಿಗೆ ಅನ್ನದ ಮುದ್ದೆ ಉಂಡೆಯುಂಡೆಯಾಗಿ ಹೊರಬಿತ್ತು. ಅದರ ತುಂಬ ಕಿತ್ತಳೆ ಬಣ್ಣದ ನಕ್ಷತ್ರಗಳು.

ಓನರು ಹಣೆ ಚಚ್ಚಿಕೊಂಡರು. "ಇನ್ನೇನಮ್ಮ ಸಾಕ್ಷಿ ಬೇಕು? ಇಡೀ ಬಿಲ್ಡಿಂಗಿನಲ್ಲಿ ಕ್ಯಾರೆಟ್ಟಿಗೆ ಹೀಗೆ ಅಲಂಕಾರ ಮಾಡೋರು ನೀನೊಬ್ಬಳೇ!"

ತಂಗಿ ಬಾಲ್ಕನಿಯತ್ತ ನೋಡಿದಳು. ಅಕ್ಕ ಕಂಬಿ ಹಿಡಿದು ನಿಂತಿದ್ದಳು. ಈಗ ಹೇಳುತ್ತಾಳೆ ಅಂದುಕೊಂಡಳು. ಶಾಲೆಯ ಅಂಗಳಕ್ಕೆ ಸೆರಗು ಬಿಗಿದುಕೊಂಡು ನುಗ್ಗಿದವಳು, ಈಗ ಬಾಯಿ ಬಿಡದೆ ಇರುತ್ತಾಳೆಯೇ?

ಅಕ್ಕ ಬಾಯಿ ಬಿಟ್ಟಳು. "ಪುಟ್ಟಿ ಹಾಕಿರಬೇಕು ಬಿಡಿ. ಮಕ್ಕಳು, ಗೊತ್ತಾಗಲ್ಲ."

ತಂಗಿ ಪ್ಲಂಬರಿನತ್ತ ತಿರುಗಿದಳು. ಲೆಕ್ಕ ತಪ್ಪದ ದರ್ಜಿಯ ದನಿಯಲ್ಲಿ, "ಅಣ್ಣಾ, ಒಳಗೆ ಬಂದು ನನ್ನ ಸಿಂಕಿನ ಜಾಲರಿ ನೋಡಿ. ಓನರೇ, ನೀವೂ ಬನ್ನಿ," ಅಂದಳು.

ಪ್ಲಂಬರು ಜಾಲರಿಯನ್ನು ಬೆರಳಿಂದ ಕುಟ್ಟಿ ನೋಡಿದ. "ಇದರಲ್ಲಿ ಸಾಸಿವೆ ಇಳಿದರೆ ಹೆಚ್ಚು ಸಾರ್. ನಕ್ಷತ್ರ ಎಲ್ಲಿಂದ ಇಳಿಯುತ್ತೆ?"

"ನನ್ನ ಮಗಳ ಕೈ ಈ ಕಟ್ಟೆಗೂ ಎಟುಕಲ್ಲ," ಅಂದಳು ತಂಗಿ. "ದಿನಾ ಇದೇ ಅಡುಗೆ ಮೇಲಕ್ಕೂ ಹೋಗುತ್ತೆ. ಮೇಲಿನ ಸಿಂಕನ್ನೂ ಒಂದು ಸಲ ನೋಡಿ ಬನ್ನಿ."

ಅವರು ಹೋಗಿ ಬರಲು ಐದು ನಿಮಿಷವೂ ಆಗಲಿಲ್ಲ. ಪ್ಲಂಬರು ಈಗ ತಮಾಷೆ ಮಾಡಲಿಲ್ಲ. ಮೇಲಿನ ಸಿಂಕಿನ ಜಾಲರಿ ಬಿಚ್ಚಿ ಸೋಪಿನ ಡಬ್ಬದ ಹಿಂದೆ ಇಟ್ಟಿತ್ತಂತೆ. ಓನರು ಗಂಟಲು ಸರಿಮಾಡಿಕೊಂಡರು. "ನೀನಿರಮ್ಮ, ಆರಾಮಾಗಿರು. ಮನೆ ಬಿಡೋ ಮಾತು ಮರೆತುಬಿಡು."

ತಂಗಿ ಮೇಲೆ ಹೋದಳು. ಅಕ್ಕ ಮಂಚದ ಅಂಚಿಗೆ ಕೂತಿದ್ದಳು, ಕಣ್ಣು ಕೆಂಪಗಾಗಿತ್ತು. ತಲೆದಿಂಬಿನ ಪಕ್ಕ ಬೇಕರಿಯ ಎಣ್ಣೆ ಹತ್ತಿದ ಕಾಗದದ ಚೀಲ.

"ಬಾಯಿಗೇ ಹೋಗ್ತಿರಲಿಲ್ಲ ಕಣೇ. ಸಪ್ಪೆ. ನೀನು ಅಷ್ಟು ಆಸೆಯಿಂದ ತರ್ತಿದ್ದೆ, ಬೇಡ ಅಂದ್ರೆ ನಿನಗೆ ಬೇಜಾರಾಗುತ್ತೆ ಅಂತ..."

"ನನಗೆ ಬೇಜಾರಾಗಬಾರದು ಅಂತ ನನ್ನ ಕೈಲಿ ಮನೆಯನ್ನೇ ಬಿಡಿಸೋಕೆ ಹೊರಟೆಯಾ ಅಕ್ಕ?"

"ಓನರ ಮುಂದೆ ಹೇಗೆ ಹೇಳಲಿ? ಇಷ್ಟು ವಯಸ್ಸಿಗೆ ಅನ್ನ ಚೆಲ್ಲಿದೆ ಅಂತ ಹೇಳೋಕೆ ನಾಚಿಕೆಯಾಯ್ತು."

"ಹಾಗಂತ ಮಗುವಿನ ಹೆಸರು ಹೇಳಿದೆ."

ತಂಗಿಗೆ ಅಕ್ಕನ ಹೊಟ್ಟೆಯ ಹೊಲಿಗೆ ನೆನಪಾಯಿತು, ಕರಿದದ್ದು ತಿಂದು ಏನಾದರೂ ಆದರೆ ಅನ್ನುವ ಭಯವೂ ಆಯಿತು. ಚೀಲ ಎತ್ತಿಕೊಂಡು ಕಸದ ಬುಟ್ಟಿಗೆ ಹಾಕಿದಳು. ಕುಡಿಯುವ ನೀರು ತುಂಬಿಸಿ ಮಂಚದ ಹತ್ತಿರ ಇಟ್ಟಳು. ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು.

"ಕೋಪಾನಾ ನನ್ನ ಮೇಲೆ?"

"ಕೋಪ ಇಳಿಯುತ್ತೆ ಅಕ್ಕ," ಅಂದಳು ತಂಗಿ, ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತ. "ಇನ್ನು ಮೇಲೆ ನೀನು ಗುಳಿಗೆ ತಗೊಂಡೆ ಅಂದರೂ, ನಾನು ಬಂದು ಎಣಿಸಿ ನೋಡ್ತೀನಿ. ಆ ಅನುಮಾನ ಮಾತ್ರ ಇಳಿಯಲ್ಲ ಅನಿಸುತ್ತೆ."

ಶಿಶುವಿಹಾರ ಬಿಡುವ ಹೊತ್ತಾಗಿತ್ತು. ಅವಳು ಮೆಟ್ಟಿಲಿಳಿದು ಹೋದಳು. ಮೇಲಿಂದ ಯಾರೂ ಕೂಗಲಿಲ್ಲ.