ಖಾಲಾಳ ರಕ್ತದಲ್ಲಿ ಕಂಡದ್ದು

ಖಾಲಾಳ ಬೆರಳ ತುದಿಗಳಲ್ಲಿ ಗಾಜು ಕೊಯ್ದ ಸಣ್ಣ ಬಿಳಿ ಗೆರೆಗಳಿದ್ದವು. ಆ ಬೆರಳುಗಳಿಂದ ಒಮ್ಮೆ ನಮ್ಮ ಮುಂಗೈ ಒತ್ತಿದಳೆಂದರೆ ಸಾಕು, ಅಳತೆ ಕೇಳದೆ ಸರಿಯಾದ ಬಳೆ ತೆಗೆಯುತ್ತಿದ್ದಳು. ಶಹಾಪುರದ ನಮ್ಮ ಓಣಿಯ ಹೆಣ್ಣುಮಕ್ಕಳಿಗೆಲ್ಲ ಬಳೆ ಇಡುತ್ತಿದ್ದ ಮುಸ್ಲಿಂ ಮನೆಯಾಕೆ. ರಕ್ತಸಂಬಂಧವಿಲ್ಲದಿದ್ದರೂ ನಮಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. "ಕೈ ಸಡಲ ಬಿಡವ್ವ. ನೀ ಬಿಗಿ ಹಿಡದ್ರ ಬಳಿ ಒಡೀತದ, ಕೈನೂ ಕೊಯ್ತದ," ಎನ್ನುತ್ತಿದ್ದಳು.

ಆಕೆಗೊಬ್ಬ ಅವಳಿ ತಂಗಿ. ಸುರಪುರಕ್ಕೆ ಕೊಟ್ಟಿದ್ದರು. ಅದೇ ಮೂಗು, ಅದೇ ನಗು, ಕೂತು ಏಳುವಾಗ ಮೊಣಕಾಲಿಗೆ ಕೈ ಊರುವ ರೀತಿಯೂ ಅದೇ.

ಪಿಯುಸಿ ಮುಗಿಸಿ ನಾನು ರಕ್ತ ಪರೀಕ್ಷೆಯ ಕೋರ್ಸಿಗೆ ಹೋಗುತ್ತೇನೆಂದಾಗ ಅಪ್ಪ ಒಪ್ಪಲಿಲ್ಲ. ದಿನವಿಡೀ ಮಂದಿಯ ರಕ್ತ ಮುಟ್ಟುವ ಕೆಲಸ ಹೆಣ್ಣುಮಗಳಿಗೆ ಯಾಕೆ ಎಂಬುದು ಅವರ ಮಾತು. ಹಬ್ಬದ ಬಳೆ ಇಡಲು ಬಂದಿದ್ದ ಖಾಲಾ ತಲೆಯೆತ್ತದೆ ಹೇಳಿದಳು: "ಅಣ್ಣಾ, ನಾನೂ ದಿನಾ ರಕ್ತ ನೋಡ್ತೀನಿ. ನನ್ನ ಯಾರೂ ಹೊರಗ ಹಾಕಿಲ್ಲ. ಕಳಸ್ರಿ." ಅಪ್ಪ ಕಳಿಸಿದರು.

ಎಷ್ಟೋ ವರ್ಷಗಳ ಮೇಲೆ, ನಾನು ಯಾದಗಿರಿಯ ಒಂದು ಲ್ಯಾಬ್‌ನಲ್ಲಿ ಕೆಲಸದಲ್ಲಿದ್ದಾಗ ಖಾಲಾ ಬಂದಳು. ನಾಲ್ಕು ಮೆಟ್ಟಿಲಿಗೇ ದಮ್ಮು. ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆಗಳು. ರಕ್ತ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕಣಗಳು ತೀರ ಕಡಿಮೆಯಿದ್ದವು. ಇದ್ದವುಗಳಲ್ಲೂ ಹಲವು ಅರೆಬೆಳೆದು ನಿಂತಿದ್ದವು.

ಕಲಬುರಗಿಗೆ ನಾನೇ ಕರೆದೊಯ್ದೆ. ಸುರಪುರದಿಂದ ತಂಗಿಯೂ ಬಂದಳು. ಎಲುಬಿನ ಮಜ್ಜೆಯ ಪರೀಕ್ಷೆಯಾಯಿತು. ಇದು ಮಜ್ಜೆಯ ರೋಗ, ಬಿಟ್ಟರೆ ರಕ್ತದ ಕ್ಯಾನ್ಸರ್ ಆಗಿ ಬೆಳೆಯುತ್ತದೆ ಎಂದರು ಡಾಕ್ಟರಮ್ಮ.

"ನನ್ನ ಮಜ್ಜಿ ತಗದು ಆಕಿಗಿ ಹಾಕ್ರಿ," ಎಂದಳು ತಂಗಿ.

ಮಜ್ಜೆ ಹಾಕುವ ಮುಂಚೆ ಕೊಡುವ ಬಿರುಸು ಔಷಧಿಯನ್ನು ಅಕ್ಕನ ಹೃದಯ ತಾಳುವುದಿಲ್ಲ ಎಂದರು ಡಾಕ್ಟರಮ್ಮ. ತಂಗಿ ಅಕ್ಕನ ಕೈ ಹಿಡಿದು, "ಇಬ್ಬರೂ ಒಂದಾ ಹೊಟ್ಟಿಯಾಗ ಒಂದಾ ದಿನ ಹುಟ್ಟೇವಿ. ಆಕಿಗೇ ಯಾಕ್ರಿ?" ಎಂದು ಕೇಳಿದಳು.

"ಯಾಕಂತ ಪೂರ್ತಿ ನಮಗೂ ಗೊತ್ತಿಲ್ರಿ," ಎಂದರು ಡಾಕ್ಟರಮ್ಮ. "ಹುಟ್ಟಿದಾಗ ಇಬ್ಬರ ಜೀನೂ ಒಂದೇ. ವಯಸ್ಸಾದಂಗ ಅದರ ಮ್ಯಾಲ ಸಣ್ಣ ರಾಸಾಯನಿಕ ಗುರುತು ಕೂಡ್ತಾವ, ಕೆಲವು ಹೋಗ್ತಾವ. ಅದು ಅವಳಿಗಳಿಗೂ ಬ್ಯಾರೆ ಬ್ಯಾರೆ. ಇವರಿಗೆ ಕೆಲವು ಜೀನ್ ಕೆಟ್ಟಾವ. ಅವನ್ನ ಸರಿ ಮಾಡಾಕ ಆಗಂಗಿಲ್ಲ. ಆದ್ರ ಇನ್ನ ಕೆಲವು ಕೆಟ್ಟಿಲ್ಲ, ಗುರುತು ಕೂತು ಸುಮ್ಮನಾಗ್ಯಾವ. ಆ ಗುರುತು ಅಳಸೋ ಇಂಜೆಕ್ಷನ್ ಅದ."

ಖಾಲಾ ಅಷ್ಟನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದಳು. "ಅಂದ್ರ ಅವು ಸತ್ತಿಲ್ಲ?"

"ಸತ್ತಿಲ್ಲ."

"ಹಂಗಾದ್ರ ಎಬ್ಬಸ್ರಿ."

ತಿಂಗಳಿಗೆ ಏಳು ದಿನ ಹೊಟ್ಟೆಯ ಚರ್ಮಕ್ಕೆ ಸೂಜಿ. ತಂಗಿ ಜೊತೆಯಲ್ಲೇ ಉಳಿಯುತ್ತಿದ್ದಳು. ಮೊದಲ ಮೂರು ತಿಂಗಳು ಖಾಲಾ ಇನ್ನೂ ಸೋತಳು; ಕಣಗಳು ಮತ್ತಷ್ಟು ಕುಸಿದವು, ಎರಡು ಸಲ ರಕ್ತ ಏರಿಸಬೇಕಾಯಿತು. ನಿಲ್ಲಿಸೋಣವೇ ಎಂದು ಮನೆಯವರೇ ಅಂದರು. ಆಕೆ ಒಪ್ಪಲಿಲ್ಲ. "ಗಾಢ ನಿದ್ದ್ಯಾಗ ಇದ್ದವ್ರು ಒಂದಾ ಕೂಗಿಗಿ ಏಳ್ತಾರೇನ?"

ಆರನೇ ತಿಂಗಳು ಮುಗಿದಾಗ ಆಕೆಯ ರಕ್ತವನ್ನು ನೋಡಿದೆ. ಮತ್ತೆ ನೋಡಿದೆ. ಹೆಸರು ತಪ್ಪಿತೇನೋ ಎಂದು ಹೊಸದಾಗಿ ರಕ್ತ ತೆಗೆದು ಇನ್ನೊಂದು ಗಾಜಿನ ಮೇಲೆ ಹಚ್ಚಿದೆ. ಅರೆಬೆಳೆದು ನಿಂತಿದ್ದಂಥ ಬಿಳಿಕಣಗಳ ಜಾಗದಲ್ಲಿ ಪೂರ್ತಿ ಮಾಗಿದವು ಕಾಣುತ್ತಿದ್ದವು. ಅದೇ ರೋಗದ ಮಜ್ಜೆ, ಅದೇ ಮುಪ್ಪಿನ ಮೈ. ಈ ಬಿಳಿಕಣಗಳು ಏರಿಸಿದ ರಕ್ತದಲ್ಲಿ ಬಂದವಲ್ಲ, ಹೊರಗಿನಿಂದ ಯಾರೂ ತಂದಿಟ್ಟವೂ ಅಲ್ಲ. ನನ್ನ ಕೆಲಸದಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ.

ಖಾಲಾಳನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಇವು ನನ್ನವೇನ?"

"ನಿಮ್ಮವಾ ಖಾಲಾ."

"ಇಷ್ಟು ವರ್ಷ ಒಳಗ ಇಷ್ಟು ಕೆಲಸ ನಡದದ," ಎಂದಳು ಮೆಲ್ಲಗೆ. "ಒಂದಿನಾನೂ ನಾ 'ಹ್ಯಾಂಗದೀರಿ' ಅಂತ ಕೇಳಿಲ್ಲ ನೋಡವ್ವ."

ಆಮೇಲೆ ಒಂದೂವರೆ ವರ್ಷ ಓಣಿ ಓಣಿ ತಿರುಗಿ ಬಳೆ ಇಟ್ಟಳು. ಮೊಮ್ಮಗಳ ಮದುವೆ ಮಾಡಿಸಿದಳು. ಮತ್ತೆ ಕಣಗಳು ಇಳಿಯತೊಡಗಿದಾಗ, "ಖರೆ ಹೇಳು," ಎಂದಳು. ಔಷಧಿ ಈಗ ಕೆಲಸ ಮಾಡುತ್ತಿಲ್ಲವೆಂದು ಹೇಳಿದೆ. ನನ್ನ ತಲೆಯ ಮೇಲೆ ಕೈಯಿಟ್ಟು, "ಎದ್ದಿದ್ವಲ್ಲ, ಅದಾ ದೊಡ್ಡದು," ಎಂದಳು. ಎರಡು ತಿಂಗಳಿಗೆ, ಒಂದು ಮುಂಜಾನೆ, ಸುರಪುರದಲ್ಲಿ ತಂಗಿಯ ಮಗ್ಗುಲಲ್ಲಿ ತೀರಿಕೊಂಡಳು.

ನಲವತ್ತು ದಿನ ಕಳೆದ ಮೇಲೆ ತಂಗಿ ಲ್ಯಾಬಿಗೆ ಬಂದು ತೋಳು ಚಾಚಿದಳು. "ನಂದೂ ನೋಡು."

ನೋಡಿದೆ. "ಏನೂ ಇಲ್ರಿ, ಚಲೋ ಅದ."

ಆಕೆಯ ಮುಖ ಅರಳಲಿಲ್ಲ. "ಹೊಟ್ಟಿಯಾಗಿದ್ದಾಗ ಆಕಿ ರಕ್ತ ನನಗ, ನನ್ನ ರಕ್ತ ಆಕಿಗಿ ಹರದಿರಬಹುದು ಅಂದಿದ್ರು ಡಾಕ್ಟರಮ್ಮ. ಆಕಿದು ಒಂದರ ಕಣ ಉಳದಿರಬೇಕಲ್ಲ ಇದರಾಗ?"

"ಉಳದಿರಬಹುದ್ರಿ. ಯಾವುದು ಆಕಿದು, ಯಾವುದು ನಿಮ್ಮದು ಅಂತ ನನಗ ಗುರುತು ಹಿಡಿಯಾಕ ಆಗಂಗಿಲ್ಲ."

ಚುಚ್ಚಿದ ಜಾಗದ ಹತ್ತಿಯನ್ನು ಒತ್ತಿ ಹಿಡಿದು ಆಕೆ ಎದ್ದಳು.

"ಹಂಗಾದ್ರ ಎಲ್ಲಾನೂ ಜ್ವಾಪಾನ ಮಾಡ್ತೀನಿ."