ಎಡದಾರಿಗೆ ಬಿದ್ದ ಸೊಪ್ಪು

ಸೊಪ್ಪು ಬಲದಾರಿಯಲ್ಲೇ ಇತ್ತು, ಶ್ರೀಕಂಠಣ್ಣ. ನೀವು ಹೇಳಿದ್ದೇ ನಿಜ. ಸುಳ್ಳು ಹೇಳಿದವಳು ನಾನು.

ಇಷ್ಟು ಬರೆಯುವುದಕ್ಕೆ ನನಗೆ ಅರವತ್ತು ವರ್ಷ ಬೇಕಾಯಿತು. ನಿಮಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ, ಏಕೆಂದರೆ ಈ ಕಾಗದವನ್ನು ನಿಮ್ಮ ಮಗಳು ಉಷಾಳೂ ಓದಬೇಕು.

ನಮ್ಮ ಜಯನಗರದ ಬೀದಿಯಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪುಗಳನ್ನು ನೀವೊಂದು, ನಮ್ಮ ಮೂರ್ತಿ ಅಣ್ಣ ಒಂದು ತಂದಿದ್ದಿರಿ. ಭಾನುವಾರ ಬಂತೆಂದರೆ ಕನಕಪುರ ರಸ್ತೆ ಹಿಡಿದು, ಕಾಡಿನ ಗಾಡಿಜಾಡುಗಳಲ್ಲಿ ಓಡಿಸುವುದೇ ನಿಮ್ಮಿಬ್ಬರ ಹುಚ್ಚು. ಆ ಭಾನುವಾರ ಮುಂದಿನ ಜೀಪಿನಲ್ಲಿ ಅಣ್ಣ ಮತ್ತು ನಾನು. ಹಿಂದಿನದರಲ್ಲಿ ನೀವು, ನಿಮ್ಮ ಹೆಂಡತಿ ಸರಸ. ಕಾನ್ವೆಂಟಿನಿಂದಲೂ ನನ್ನ ಡಿಯರೆಸ್ಟ್ ಫ್ರೆಂಡ್ ಅವಳು. ಎರಡು ವರ್ಷದ ಉಷಾಳನ್ನು ತವರಿನಲ್ಲಿ ಬಿಟ್ಟು ಬಂದಿದ್ದಳು.

ಧೂಳು ಕುಡಿಯಬಾರದೆಂದು ನೀವು ಒಂದು ಫರ್ಲಾಂಗು ಹಿಂದೆ ಬರುತ್ತಿದ್ದಿರಿ. ಆದ್ದರಿಂದ ದಾರಿ ಕವಲೊಡೆದಲ್ಲೆಲ್ಲ, ಹೋಗಬಾರದ ದಾರಿಗೆ ಅಡ್ಡವಾಗಿ ಹಸಿ ಸೊಪ್ಪಿನ ಕೊಂಬೆ ಹಾಕಬೇಕು — ಗಾಡಿಯವರಿಂದ ನೀವು ಕಲಿತ ಪದ್ಧತಿ. ಆ ಕೆಲಸ ನನ್ನದು.

ಬೆಳಿಗ್ಗೆ ತಿಂಡಿಗೆ ನಿಂತಾಗ ಸರಸ ಮರದ ಬುಡದ ಯಾವುದೋ ಕಲ್ಲಿಗೆ ಕೈಮುಗಿದಳು. ನಾನು ಬಿಡಲಿಲ್ಲ.

"ಏನೇ ಇದು! ನನ್ ಪಕ್ಕ ಕೂತು ಇಂಗ್ಲಿಷ್ ಲಿಟರೇಚರ್ ಓದ್ದೋಳು ನೀನು. ಸಿಲ್ಲಿ ಸೂಪರ್‌ಸ್ಟಿಷನ್!"

"ನಗು, ನಗು. ಕಾಡಲ್ಲಿ ಸ್ವಲ್ಪ ಮರ್ಯಾದೆಯಾಗಿರ್ಬೇಕು ಕಣೇ ಲಲಿತಾ. ನಮ್ ಕಾನ್ವೆಂಟ್ ಸಿಸ್ಟರು ಇಲ್ಲೀತನಕ ಬರಲ್ಲ ಕಾಪಾಡಕ್ಕೆ," ಎಂದು ನನ್ನ ಜಡೆ ಎಳೆದಳು.

ನಡುಹಗಲಿಗೆ ಆ ಕವಲು ಬಂತು. ಬಲಕ್ಕೆ ಚಕ್ರದ ಗುರುತೂ ಮೂಡದ ಹಾಸುಬಂಡೆ, ಎಡಕ್ಕೆ ಮರಳು. ಅಣ್ಣ ಬಲಕ್ಕೆ ತಿರುಗಿಸಿ ನಿಲ್ಲಿಸಿದ. ಕೊಂಬೆ ಮುರಿದುಕೊಂಡು ಎಡದಾರಿಯ ಕಡೆ ನೋಡಿದೆ. ಅದರ ಬಾಯಲ್ಲೇ ಮೊಣಕಾಲೆತ್ತರದ ಒಂದು ಕಲ್ಲು. ಮೈಗೆಲ್ಲ ಅರಿಶಿನ — ಹಸಿ ಅರಿಶಿನ, ಇನ್ನೂ ತೊಟ್ಟಿಕ್ಕುತ್ತಿತ್ತು. ಸುತ್ತ ಒಂದು ಗುಡಿಸಲೂ ಇಲ್ಲ. ಮರಳಿನ ಮೇಲೆ ಒಂದು ಹೆಜ್ಜೆಯಿಲ್ಲ. ಹಕ್ಕಿಗಳು ಯಾವಾಗ ಸುಮ್ಮನಾದವೋ... ನನ್ನ ಕತ್ತಿನ ಹಿಂದೆಯೇ ಯಾರೋ — ಹೇಗೆ ಹೇಳಲಿ — ಉಸಿರಾಡಿದ್ದಲ್ಲ, ಉಸಿರು ಹಿಡಿದು ಕಾಯುತ್ತಿದ್ದಂತೆ.

"ಏನೇ, ಅಲ್ಲೇ ನಿಂತ್ಬಿಟ್ಟೆ? ಕಾನ್ವೆಂಟ್ ಮೇಡಂಗೆ ದೆವ್ವ ಹಿಡೀತಾ?" ಅಣ್ಣ ಕೂಗಿದ.

ಹೆದರಿಕೆಯಾಯಿತು ಎಂದಿದ್ದರೆ ಅವನೇ ಇಳಿದು ಹಾಕುತ್ತಿದ್ದ. ಒಂದು ವಾರ ರೇಗಿಸುತ್ತಿದ್ದ, ಅಷ್ಟೇ. ಆದರೆ ಬೆಳಿಗ್ಗೆ ಅಷ್ಟು ಮಾತಾಡಿದವಳು... ಇಟ್ ವಾಸ್ ಪ್ಯೂರ್ ಪ್ರೈಡ್. ಕೊಂಬೆಯನ್ನು ನಿಂತಲ್ಲೇ — ಬಲದಾರಿಯಲ್ಲೇ — ಕೈಬಿಟ್ಟು ಓಡಿಬಂದು ಜೀಪು ಹತ್ತಿದೆ. "ಹಾಕ್ದೆ, ನಡಿ." ಗೊತ್ತಿದ್ದೇ ಮಾಡಿದೆ, ಶ್ರೀಕಂಠಣ್ಣ.

ಮುಂದೆ ಕೆರೆಯ ಹತ್ತಿರ ನಿಮಗಾಗಿ ಕಾದೆವು. ನಿಮ್ಮ ಹಾರನ್ ಕೇಳಿಸಿತು. ಹಿಂದಿನಿಂದಲ್ಲ, ಎಡಗಡೆಯಿಂದ, ಆಮೇಲೆ ಇನ್ನೂ ಕೆಳಗಿನಿಂದ, ನೆಲದೊಳಗಿನಿಂದ ಬಂದಂತೆ. ಬಿಡದೆ ಕೂಗುತ್ತಲೇ ಇತ್ತು. "ಶ್ರೀಕಂಠನ ತಮಾಷೆ ನೋಡು," ಎಂದು ಅಣ್ಣ ನಕ್ಕ. ಆಮೇಲೆ ನಿಂತುಹೋಯಿತು.

ಹಿಂದಕ್ಕೆ ತಿರುಗಿದೆವು. ಕವಲು ಕಾಣುವ ಮೊದಲೇ ಅಣ್ಣ ಕೇಳಿದ, "ಸೊಪ್ಪು ಎಲ್ಲಿ ಹಾಕಿದ್ದೆ?"

"ಎಡಕ್ಕೇ ಹಾಕಿದ್ದೆ."

ಇನ್ನೇನು ಸಿಕ್ಕಿಬೀಳುತ್ತೇನೆ ಎಂದುಕೊಂಡೆ. ಆದರೆ ಬಲದಾರಿ ಬರಿದಾಗಿತ್ತು. ಕೊಂಬೆ ಎಡದಾರಿಗೆ ಅಡ್ಡವಾಗಿ, ಕಲ್ಲಿನ ಮುಂದೆ, ಯಾರೋ ನೀಟಾಗಿ ಮಲಗಿಸಿದಂತೆ ಬಿದ್ದಿತ್ತು. ನಾನು ಮುರಿದ ಕೊಂಬೆಯೇ — ತೊಗಟೆ ಸಿಗಿದಿದ್ದ ಆ ತುದಿ...

"ನೋಡೀನೂ ನುಗ್ಗಿಸಿದ್ದಾನಲ್ಲ, ಮುಠ್ಠಾಳ!" ಎಂದ ಅಣ್ಣ.

ಅವನು ನೋಡದ್ದನ್ನು ನಾನು ನೋಡಿದೆ. ನಿಮ್ಮ ಚಕ್ರದ ಗುರುತು ಕೊಂಬೆಯ ಅಡಿಯಲ್ಲಿ ಹಾದುಹೋಗಿತ್ತು, ಆದರೆ ಒಂದು ಎಲೆಯೂ ಜಜ್ಜಿಹೋಗಿರಲಿಲ್ಲ. ನೀವು ದಾಟಿದ ಮೇಲೆ ಅದು ಅಲ್ಲಿಗೆ ಬಂದಿತ್ತು. ಯಾರು ಇಟ್ಟರು? ನನಗಿಂದಿಗೂ ತಿಳಿಯದು. ಮರಳಿನ ಮೇಲೆ ಆಗಲೂ ಒಂದು ಹೆಜ್ಜೆಯಿರಲಿಲ್ಲ. ಆಮೇಲೆ ನೀವು ಹೇಳಿದ ಮಾತಿಗಿದ್ದ ಒಂದೇ ಒಂದು ಪ್ರೂಫ್ ಆ ಎಲೆಗಳು. "ಜೀಪಿಗೆ ಅಡ್ಡ" ಎನ್ನುತ್ತ ಇಳಿದು, ಕೊಂಬೆಯನ್ನು ಪೊದೆಯೊಳಕ್ಕೆ ಎಸೆದೆ. ಅಂಗೈ ನೋಡಿಕೊಂಡರೆ ಹಳದಿ.

ಆ ದಾರಿ ಹಳ್ಳದ ಅಂಚಿಗೆ ಹೋಗಿ ಮುಗಿದಿತ್ತು. ಕೆಳಗೆ ಮಗುಚಿದ ಜೀಪು, ಕಾಲು ಮುರಿದ ನೀವು, ನಿಮ್ಮ ಮಡಿಲಲ್ಲಿ ಸರಸ. ಅವಳ ಪ್ರಾಣ ಹೋಗಿತ್ತು.

"ಸೊಪ್ಪು ಬಲಕ್ಕಿತ್ತು ಕಣೋ ಮೂರ್ತಿ," ಎಂದಿರಿ ನೀವು. ಅಣ್ಣ ನನ್ನ ಮುಖ ನೋಡಿದ. ನಾನು ಇಲ್ಲವೆಂದು ತಲೆಯಾಡಿಸಿದೆ.

"ಹೆಂಡ್ತೀನ ಕೊಂದೋನ ಕೈಗೆ ಮಗೂನ ಕೊಡಲ್ಲ," ಎಂದು ಸರಸಳ ಅಪ್ಪ ಉಷಾಳನ್ನು ತಮ್ಮಲ್ಲೇ ಇಟ್ಟುಕೊಂಡ ದಿನ ನಾನೂ ಅವರ ಪಡಸಾಲೆಯಲ್ಲಿ ಕೂತಿದ್ದೆ. ನೀವು ಕೋಲೂರಿಕೊಂಡು ಗೇಟಿನ ಹೊರಗೆ ನಿಂತಿದ್ದಿರಿ. ಒಳಗೆ ಮಗು "ಅಪ್ಪ" ಎಂದು ಅಳುತ್ತಿತ್ತು. ಆಗಲೂ ಬಾಯಿ ಬಿಡಲಿಲ್ಲ.

ಉಷಾ ಈಗ ಗಿರಿನಗರದಲ್ಲಿದ್ದಾಳೆ. ನಿಮ್ಮ ಮನೆಯ ಮೆಟ್ಟಿಲು ಹತ್ತಿದವಳಲ್ಲ. ನನ್ನ ಮನೆಗೆ ಬರುತ್ತಾಳೆ. "ಆಂಟಿ, ಅಮ್ಮ ಹೇಗಿದ್ರು ಹೇಳಿ," ಎನ್ನುತ್ತಾಳೆ. ಕಾನ್ವೆಂಟಿನ ಕೀಟಲೆಗಳು, ಸರಸಳ ನಗು — ಅಷ್ಟನ್ನೇ ಹೇಳುತ್ತ ಬಂದೆ. ನಿಮಗೆ ಸಲ್ಲಬೇಕಾದ ಅವಳ ಪ್ರೀತಿಯನ್ನೂ ನಾನೇ ತೆಗೆದುಕೊಂಡೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಉಷಾಳನ್ನು ಬರಹೇಳಿದ್ದೇನೆ. ಈ ಕಾಗದದ ಒಂದು ಪ್ರತಿ ಅವಳ ಕೈಗೆ ಕೊಡುತ್ತೇನೆ. ಇದು ನಿಮಗೆ ಅಂಚೆಯಲ್ಲಿ ಬರುತ್ತದೆ. ಏನು ವಿಷಯ ಎಂದು ಫೋನಿನಲ್ಲಿ ಕೇಳಿದಳು. ನಿನ್ನ ಅಮ್ಮನ ಬಗ್ಗೆ ಒಂದು ಮಾತು ಹೇಳುವುದು ಉಳಿದಿದೆ, ಎಂದೆ.

"ಹೌದಾ ಆಂಟಿ? ಹಂಗಾದ್ರೆ ನಿಮಗಿಷ್ಟ ಅಂತ ಕೊಬ್ರಿ ಮಿಠಾಯಿ ಮಾಡ್ಕೊಂಡ್ ಬರ್ತೀನಿ," ಎಂದಳು.