ಧರಣಪ್ಪನವರ ಕಾರಿನ ಭಾರ
ಕೇಣಿಚಿರದ ಧರಣಪ್ಪನವರ ಹಳೆಯ ಕಾರು ಹತ್ತುವವರು ಮೊದಲು ಅವರ ಕಣ್ಣಿನ ತಕ್ಕಡಿಯಲ್ಲಿ ತೂಗಿಸಿಕೊಳ್ಳಬೇಕಿತ್ತು. ಮೈಲೇಜ್ ಇಳಿದಾಗಿನಿಂದ ಅವರ ಸಿಟ್ಟೆಲ್ಲ ಭಾರದ ಮೇಲೆ. ಏರು ಬಂದರೆ ನೆಂಟರನ್ನು ಇಳಿಸಿ ನಡೆಸುತ್ತಿದ್ದರು, ಸ್ಟೆಪ್ನಿಯನ್ನು ಕಾಫಿ ಕಣದಲ್ಲೇ ಬಿಟ್ಟು ಹೊರಡುತ್ತಿದ್ದರು, ಯಾರಾದರೂ ಹಲಸಿನಹಣ್ಣು ತಂದರೆ "ಅದು ಬಸ್ಸಲ್ಲಿ ಬರ್ಲಿ" ಎನ್ನುತ್ತಿದ್ದರು. ಒಮ್ಮೆ ಹೆಂಡತಿ ಸರೋಜಳಿಗೂ "ನೀನು ಕೂತ್ರೆ ಕಾರು ಪೆಟ್ರೋಲ್ ಜಾಸ್ತಿ ಕುಡೀತದೆ" ಎಂದುಬಿಟ್ಟರು. ಅಂದಿನಿಂದ ಆಕೆ ಪನಮರಂನ ತವರಿಗೆ ಬಸ್ಸಿನಲ್ಲೇ ಹೋಗತೊಡಗಿದಳು. ಇವರು ಖಾಲಿ ಕಾರಿನಲ್ಲಿ ಆ ಬಸ್ಸಿನ ಹಿಂದೆಯೇ ಹೋಗಿ, ಆಕೆ ಇಳಿದದ್ದು ಕಂಡ ಮೇಲೆ ಹಿಂದಿರುಗುತ್ತಿದ್ದರು. ಮೊನ್ನೆ ಮಲಯಾಳಿ ಮೆಕ್ಯಾನಿಕ್ ಸುಮೇಶ್ ಸೈಲೆನ್ಸರ್ ಪೈಪಿನಿಂದ ಮಸಿ ಹಿಡಿದ ಆಕ್ಸಿಜನ್ ಸೆನ್ಸರ್ ಬಿಚ್ಚಿ ತೋರಿಸಿದ. "ಚೇಟ್ಟಾ, ಇದು ಕೆಟ್ಟಿದ್ದಕ್ಕೆ ಎಂಜಿನ್ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಎಳೀತಿತ್ತು. ಭಾರದ ತಪ್ಪಲ್ಲ." ಹೊಸದು ಹಾಕಿಸಿದ ಮೇಲೆ ಮೈಲೇಜ್ ಮೊದಲಿನಂತಾಯಿತು. ಮರುದಿನ ಸರೋಜ ಬಸ್ಸಿಗೆ ಹೊರಟಾಗ ಧರಣಪ್ಪ ಕಾರಿನ ಮುಂದಿನ ಬಾಗಿಲು ತೆರೆದು ನಿಂತಿದ್ದರು. "ಕೂತ್ಕೋ ಸರೋಜ. ತಪ್ಪು ನಿಂದಲ್ಲ, ಸೆನ್ಸರಿಂದು." ಆಕೆ ತಿರುಗಿ ಮನೆಯೊಳಗೆ ಹೋದಳು. ಹೊರಬಂದಾಗ ಕಂಕುಳಲ್ಲಿ ಮನೆಯಲ್ಲಿದ್ದುದರಲ್ಲೇ ಎಲ್ಲಕ್ಕಿಂತ ದೊಡ್ಡ ಹಲಸಿನಹಣ್ಣಿತ್ತು. ಧರಣಪ್ಪ ಅದನ್ನು ಇಸಿದುಕೊಂಡು ಹಿಂದಿನ ಸೀಟಿನಲ್ಲಿ ಕೂರಿಸಿದರು.